ಎದೆಗೆ ಕೊಳವೆ ಇಟ್ಟು ಕೇಳಿದವನು: ರೆನೆ ಲೆನೆಕ್

ಖಾನಾಪುರ ತಾಲೂಕಿನ ನಮ್ಮೂರಿಗೆ ರಜೆಗೆ ಹೋದ್ರೆ ಅಲಾರಾಂ ಇಡೋ ಅವಶ್ಯಕತೆನೇ ಇಲ್ಲ. ಬೆಳಿಗ್ಗೆ ಐದಕ್ಕೆ ಆಯಿ ಎದ್ದು ಒಲೆ ಹಚ್ತಾಳೆ. ಮಳೆಗಾಲದ ಹಸಿ ಕಟ್ಟಿಗೆ ಬೇಗ ಹತ್ತಲ್ಲ, ಊದುಗೊಳವೆ ಹಿಡಿದು ಊದ್ತಾಳೆ, ಅಡಿಗೆಮನೆ ತುಂಬ ಹೊಗೆ ಆಗ್ತದೆ, ಆಮೇಲೆ ಕೆಮ್ಮು ಶುರು. ಆಯಿ ಅಂದ್ರೆ ಅಜ್ಜಿ, ನಮ್ಮ ಕಡೆ ಹಂಗ ಅಂತೀವಿ. ಮನೆಯಲ್ಲಿ ಗ್ಯಾಸ್ ಇದೆ, ಆದರೆ ಅದು ಚಹಾಕ್ಕೆ ಮಾತ್ರ. ರೊಟ್ಟಿ, ನೀರು ಕಾಯಿಸೋದು ಎಲ್ಲ ಕಟ್ಟಿಗೆ ಒಲೆ ಮೇಲೇ.

ನನಗೆ ಬುದ್ಧಿ ಬಂದಾಗಿನಿಂದ ಆಯಿಗೆ ದಮ್ಮು. ಎಷ್ಟೋ ಡಾಕ್ಟರು ಅವಳ ಎದೆಗೆ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ದಾರೆ. ಕೆಮ್ಮಿನ ಸಿರಪ್, ಗುಳಿಗೆ, ಮಳೆಗಾಲದಲ್ಲಿ ಜೋರಾದ್ರೆ ಒಂದು ಇಂಜೆಕ್ಷನ್. ಎರಡು ಸಲ ಕಫ ಟೆಸ್ಟ್ ಮಾಡಿ ಟಿಬಿ ಇಲ್ಲ ಅಂದ್ರು. ಹೋದ ವರ್ಷ ನಾನೇ ಅವಳನ್ನು ಬೆಳಗಾವಿಯ ಒಂದು ದವಾಖಾನೆಗೆ ಕರ್ಕೊಂಡು ಹೋದೆ. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು ಅಡಿಗೆ ಯಾವುದರ ಮೇಲೆ ಮಾಡ್ತೀರಿ, ಎಷ್ಟು ವರ್ಷದಿಂದ ಅಂತ. ಆಮೇಲೆ ಒಂದು ಮಷೀನಿನ ಕೊಳವೆ ಬಾಯಿಗೆ ಕೊಟ್ಟು ಜೋರಾಗಿ ಊದೋಕೆ ಹೇಳಿದ್ರು. ಆಯಿ ನನ್ನ ಕಡೆ ನೋಡಿ ನಕ್ಕಳು. ಜೀವನಪೂರ್ತಿ ಊದಿದವಳಿಗೆ ಊದೋದು ಹೇಳಿಕೊಡಬೇಕಾ? ಆದರೆ ಗ್ರಾಫ್ ಬಂದಾಗ ಅದು ನಗೋ ಹಂಗಿರಲಿಲ್ಲ. ಸಿಒಪಿಡಿ ಅಂದ್ರು. ಶ್ವಾಸನಾಳಗಳು ಕಿರಿದಾಗಿ, ಒಳಗಿನ ಗಾಳಿ ಪೂರ್ತಿ ಹೊರಗೆ ಬರದೆ ಉಳಿಯೋ ದೀರ್ಘಕಾಲದ ಕಾಯಿಲೆ. ಎಷ್ಟೋ ವರ್ಷದಿಂದ ಇರಬೇಕು ಅಂತಾನೂ ಅಂದ್ರು.

ಖಾನಾಪುರದ ಕಡೆ ವಾಪಸ್ ಹೋಗೋ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಅಷ್ಟು ಸ್ಟೆತಸ್ಕೋಪ್‌ಗಳು ಆ ಎದೆ ಮೇಲೆ ಕೂತು ಹೋದವಲ್ಲ, ಒಂದಕ್ಕೂ ಯಾಕೆ ಕೇಳಿಸಲಿಲ್ಲ? ಆ ಉಪಕರಣವೇ ಸರಿ ಇಲ್ಲವಾ? ಹಾಸ್ಟೆಲ್‌ಗೆ ಬಂದ ಮೇಲೆ ಅದನ್ನು ಮಾಡಿದವನು ಯಾರು ಅಂತ ಹುಡುಕಿದೆ. ಸಿಕ್ಕಿದ್ದು ಫ್ರಾನ್ಸಿನ ಒಬ್ಬ ಸಣಕಲು ಡಾಕ್ಟರ್. ಅವನ ಕಥೆ ಓದಿದ ಮೇಲೆ ನನ್ನ ಪ್ರಶ್ನೆಗೆ ಉತ್ತರವೂ ಸಿಕ್ಕಿತು, ಅದಕ್ಕೇ ನಿಮಗೂ ಹೇಳ್ತಿದ್ದೀನಿ.

ತಾಯಿ ಇಲ್ಲದ ಹುಡುಗ

ರೆನೆ ಥಿಯೋಫೀಲ್ ಯಾಸಾಂತ್ ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದ ಕೆಂಪೇರ್ ಎಂಬ ಊರಲ್ಲಿ. ಬ್ರಿಟನಿ ಅಂದ್ರೆ ಸಮುದ್ರ, ಮಳೆ, ಮೀನುಗಾರರು, ರೈತರು. ಅಲ್ಲಿನ ಹಳ್ಳಿ ಜನ ಮಾತಾಡ್ತಿದ್ದದ್ದು ಫ್ರೆಂಚ್ ಅಲ್ಲ, ಬ್ರೆಟನ್ ಎಂಬ ಬೇರೆಯೇ ಭಾಷೆ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

ಹುಡುಗನಿಗೆ ಐದು ವರ್ಷ ಆಗಿದ್ದಾಗ ತಾಯಿ ತೀರಿಹೋದಳು. ಅಪ್ಪ ವಕೀಲ, ಮಾತಿನಲ್ಲಿ ಜೋರು, ಕವಿತೆ ಬರೀತಿದ್ದ, ಆದರೆ ಕೈಯಲ್ಲಿ ದುಡ್ಡು ನಿಲ್ಲದ ಮನುಷ್ಯ. ಮಕ್ಕಳನ್ನು ಸಾಕೋದು ಅವನಿಂದ ಆಗಲಿಲ್ಲ. ಕೊನೆಗೆ ರೆನೆ ಬಂದು ಸೇರಿದ್ದು ನಾಂತ್ ಪಟ್ಟಣದಲ್ಲಿದ್ದ ಕಾಕಾ ಗಿಯೋಮ್ ಲೆನೆಕ್ ಮನೆಗೆ. ಈ ಕಾಕಾ ಡಾಕ್ಟರ್. ಲೆನೆಕ್ ಬದುಕಿನಲ್ಲಿ ನಿಜವಾದ ಅಪ್ಪನ ಕೆಲಸ ಮಾಡಿದ್ದು ಇವನೇ.

ಅಷ್ಟರಲ್ಲಿ 1789ರ ಫ್ರೆಂಚ್ ಕ್ರಾಂತಿ ಬಂತು. ನಾಂತ್‌ನಲ್ಲಿ ರಕ್ತದ ಹೊಳೆಯೇ ಹರೀತು. ಊರಿನ ಚೌಕದಲ್ಲಿ ಗಿಲೊಟಿನ್ ನಿಂತಿತು, ಜೈಲಿನಲ್ಲಿ ಟೈಫಸ್ ಜ್ವರ, ಆಸ್ಪತ್ರೆ ತುಂಬ ಗಾಯಾಳುಗಳು. ನಾವು ಒಂಬತ್ತನೇ ಕ್ಲಾಸಿನಲ್ಲಿ ಟ್ಯೂಷನ್‌ಗೆ ಓಡಾಡೋ ವಯಸ್ಸಿನಲ್ಲಿ, ಅಂದ್ರೆ 14ರಲ್ಲೇ, ಈ ಹುಡುಗ ಕಾಕಾನ ಜೊತೆ ಆಸ್ಪತ್ರೆಯಲ್ಲಿ ಗಾಯ ಕಟ್ಟೋಕೆ ಕಲಿತ. ನಡುವೆ ಗ್ರೀಕ್, ಲ್ಯಾಟಿನ್ ಓದಿದ, ಕೊಳಲು ನುಡಿಸೋದು ಕಲಿತ. ಮಗ ಡಾಕ್ಟರ್ ಆಗೋದು ಅಪ್ಪನಿಗೆ ಅಷ್ಟು ಇಷ್ಟ ಇರಲಿಲ್ಲ, ದುಡ್ಡು ಕಳಿಸೋಕೂ ಸತಾಯಿಸ್ತಿದ್ದ. ಕೊನೆಗೆ 1801ರಲ್ಲಿ, 20ನೇ ವಯಸ್ಸಿಗೆ, ಲೆನೆಕ್ ಪ್ಯಾರಿಸ್ ಸೇರಿದ.

ಪೀಪಾಯಿ ಬಡಿಯೋ ಪಾಠ

ಪ್ಯಾರಿಸ್‌ನಲ್ಲಿ ಅವನ ಗುರು ಜಾನ್ ನಿಕೊಲಾ ಕೊರ್ವಿಸಾರ್, ಮುಂದೆ ನೆಪೋಲಿಯನ್ನನ ಖಾಸಗಿ ಡಾಕ್ಟರ್ ಆದವನು. ಆ ಕಾಲದಲ್ಲಿ ಡಾಕ್ಟರು ರೋಗಿಯ ದೇಹ ಮುಟ್ಟಿ ನೋಡೋದೇ ಕಡಿಮೆ. ಕಥೆ ಕೇಳ್ತಿದ್ರು, ನಾಡಿ ಹಿಡೀತಿದ್ರು, ನಾಲಿಗೆ ನೋಡ್ತಿದ್ರು, ಔಷಧ ಬರೀತಿದ್ರು. ಒಳಗೆ ಏನಾಗಿದೆ ಅಂತ ತಿಳಿಯೋ ದಾರಿಯೇ ಇರಲಿಲ್ಲ. ಎಕ್ಸ್‌ರೇ ಬರೋಕೆ ಇನ್ನೂ 94 ವರ್ಷ ಬಾಕಿ.

ಕೊರ್ವಿಸಾರ್‌ಗೆ ಒಂದು ಹಳೇ ಪುಸ್ತಕ ಸಿಕ್ಕಿತ್ತು. ಆಸ್ಟ್ರಿಯಾದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಎಂಬ ಡಾಕ್ಟರ್ 1761ರಲ್ಲಿ ಬರೆದದ್ದು. ಅವನ ಅಪ್ಪ ಖಾನಾವಳಿ ನಡೆಸ್ತಿದ್ದ. ವೈನ್ ಪೀಪಾಯಿ ಎಷ್ಟು ತುಂಬಿದೆ ಅಂತ ತಿಳಿಯೋಕೆ ಹೊರಗಿನಿಂದ ಬಡೀತಿದ್ರು. ಖಾಲಿ ಭಾಗ ಟೊಳ್ಳು ಸದ್ದು, ತುಂಬಿದ ಭಾಗ ಮಂಕು ಸದ್ದು. ಎದೆಯನ್ನೂ ಹಂಗೇ ಬೆರಳಿಂದ ಬಡಿದರೆ ಒಳಗೆ ಗಾಳಿ ಇದೆಯಾ, ನೀರು ತುಂಬಿದೆಯಾ ಗೊತ್ತಾಗ್ತದೆ ಅನ್ನೋದು ಪುಸ್ತಕದ ತಿರುಳು. ಯಾರೂ ಅದನ್ನು ಗಂಭೀರವಾಗಿ ತಗೊಂಡಿರಲಿಲ್ಲ. ಕೊರ್ವಿಸಾರ್ 1808ರಲ್ಲಿ ಅದನ್ನು ಫ್ರೆಂಚ್‌ಗೆ ತಂದ. ಲೆನೆಕ್ ಕಲಿತ ದೊಡ್ಡ ಪಾಠ ಇದೇ: ಒಳಗಿರೋದನ್ನು ಹೊರಗಿನ ಸದ್ದಿನಿಂದ ಕಂಡುಹಿಡಿಯಬಹುದು. ನಾವು ಸಿಸ್ಟಮ್‌ಗೆ ಇಂಪಲ್ಸ್ ಕೊಟ್ಟು ರೆಸ್ಪಾನ್ಸ್ ನೋಡೋದು ಬೇರೇನಲ್ಲ, ಇದೇ ಐಡಿಯಾ.

1803ರಲ್ಲಿ ಮೆಡಿಸಿನ್ ಮತ್ತು ಸರ್ಜರಿ ಎರಡರಲ್ಲೂ ಲೆನೆಕ್‌ಗೆ ಮೊದಲ ಬಹುಮಾನ ಬಂತು. ಮುಂದಿನ ವರ್ಷ ಡಾಕ್ಟರೇಟ್. ಆದರೆ ದೊಡ್ಡ ಆಸ್ಪತ್ರೆಯ ಕೆಲಸ ಮಾತ್ರ ಸಿಗಲಿಲ್ಲ. ಸುಮಾರು 12 ವರ್ಷ ಖಾಸಗಿ ರೋಗಿಗಳನ್ನು ನೋಡ್ತಾ, ಪತ್ರಿಕೆಗೆ ಬರೀತಾ, ಶವಪರೀಕ್ಷೆ ಮಾಡ್ತಾ ಕಳೆದ. ಈ ವರ್ಷಗಳು ವೇಸ್ಟ್ ಆಗಲಿಲ್ಲ. ಸತ್ತವರ ಶ್ವಾಸಕೋಶ ಹೆಂಗಿರ್ತದೆ, ಯಾವ ಕಾಯಿಲೆ ಎಲ್ಲಿ ಏನು ಹಾಳು ಮಾಡಿರ್ತದೆ ಅನ್ನೋದು ಅವನಿಗೆ ಕಣ್ಣು ಮುಚ್ಚಿದರೂ ಕಾಣಿಸೋ ಹಂಗಾಯ್ತು. ಇದೇ ಕೆಲಸದಲ್ಲಿ ಜೊತೆಗಿದ್ದ ಗೆಳೆಯ ಬೇಲ್, ಕ್ಷಯರೋಗದ ಮೇಲೆ ದೊಡ್ಡ ಪುಸ್ತಕ ಬರೆದವನು, 1816ರಲ್ಲಿ ಕ್ಷಯದಿಂದಲೇ ಸತ್ತ. ಅದಕ್ಕೂ ಮೊದಲು ತಮ್ಮ ಮಿಶೋ ಹೋಗಿದ್ದ. ಕ್ಷಯ ಅನ್ನೋದು ಲೆನೆಕ್‌ಗೆ ಪುಸ್ತಕದ ವಿಷಯ ಆಗಿರಲಿಲ್ಲ, ಮನೆ ಬಾಗಿಲಿಗೆ ಬಂದ ವಿಷಯ.

ಇನ್ನೊಂದು ಘಟನೆ ನನಗೆ ತುಂಬ ಇಷ್ಟ ಆಯ್ತು. 1814ರಲ್ಲಿ, ನೆಪೋಲಿಯನ್ ಸೋಲುತ್ತಿದ್ದ ಹೊತ್ತಲ್ಲಿ, ಪ್ಯಾರಿಸ್ ಆಸ್ಪತ್ರೆಗಳಿಗೆ ಸೈನಿಕರು ರಾಶಿ ರಾಶಿ ಬಂದು ಬಿದ್ದರು. ಅದರಲ್ಲಿ ಬ್ರಿಟನಿಯ ಹಳ್ಳಿ ಹುಡುಗರೂ ಇದ್ದರು. ಅವರಿಗೆ ಫ್ರೆಂಚ್ ಬರ್ತಿರಲಿಲ್ಲ, ಪ್ಯಾರಿಸ್ ಡಾಕ್ಟರಿಗೆ ಬ್ರೆಟನ್ ಬರ್ತಿರಲಿಲ್ಲ. ಎಲ್ಲಿ ನೋಯ್ತಿದೆ ಅಂತ ಹೇಳೋಕೂ ಆಗದೆ ಹುಡುಗರು ಕೊರಗ್ತಿದ್ದರು. ಲೆನೆಕ್ ಅವರನ್ನೆಲ್ಲ ಒಂದು ಕಡೆ ಸೇರಿಸಿ ಅವರ ಭಾಷೆಯಲ್ಲೇ ಮಾತಾಡಿಸಿ ನೋಡಿಕೊಂಡ. ಬ್ರೆಟನ್ ಭಾಷೆಯನ್ನು ಅವನು ದೊಡ್ಡವನಾದ ಮೇಲೆ ಕಷ್ಟಪಟ್ಟು ಓದಿ ಸುಧಾರಿಸಿಕೊಂಡಿದ್ದ.

ಖಾನಾಪುರದವರಿಗೆ ಇದು ಚೆನ್ನಾಗಿ ಅರ್ಥ ಆಗ್ತದೆ. ನಮ್ಮಲ್ಲಿ ಕನ್ನಡ, ಮರಾಠಿ, ಕೊಂಕಣಿ ಎಲ್ಲ ಒಂದೇ ಸರದಿಯಲ್ಲಿ ನಿಂತಿರ್ತವೆ. ದಮ್ಮು ಅನ್ನೋ ಶಬ್ದವನ್ನೇ ತಗೊಳ್ಳಿ. ಆಯಿ ಮೆಟ್ಟಿಲು ಹತ್ತಿ ಉಸಿರು ಕಟ್ಟಿದರೂ ದಮ್ಮು, ಪಕ್ಕದ ಮನೆ ಹುಡುಗನಿಗೆ ಧೂಳಿನಿಂದ ಅಸ್ತಮಾ ಬಂದರೂ ದಮ್ಮು, ಹೃದಯದ ತೊಂದರೆಯಿಂದ ರಾತ್ರಿ ಎದ್ದು ಕೂತರೂ ದಮ್ಮು. ಮೂರು ಬೇರೆ ಕಾಯಿಲೆ, ಒಂದೇ ಶಬ್ದ. ಕೇಳೋ ಡಾಕ್ಟರ್ ಇನ್ನೂ ನಾಲ್ಕು ಪ್ರಶ್ನೆ ಕೇಳದೇ ಹೋದ್ರೆ ತಪ್ಪು ಅಲ್ಲೇ ಶುರು.

ಸುರುಳಿ ಸುತ್ತಿದ ಕಾಗದ

1816ರಲ್ಲಿ ಲೆನೆಕ್‌ಗೆ ಕೊನೆಗೂ ನೆಕರ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅದೇ ವರ್ಷ ಹೃದಯದ ತೊಂದರೆ ಇರಬಹುದಾದ ಒಬ್ಬ ಯುವತಿಯನ್ನು ನೋಡಬೇಕಾಗಿ ಬಂತು. ಮೈ ದಪ್ಪ ಇದ್ದಿದ್ದರಿಂದ ಬೆರಳಿನಿಂದ ಬಡಿದರೆ ಏನೂ ತಿಳೀಲಿಲ್ಲ. ಎದೆಗೆ ನೇರವಾಗಿ ಕಿವಿ ಇಟ್ಟು ಕೇಳೋ ಪದ್ಧತಿ ಇತ್ತು, ಆದರೆ ಹೆಣ್ಣುಮಗಳು, ಸಂಕೋಚ. ಆಗ ಅವನಿಗೆ ಎಲ್ಲರಿಗೂ ಗೊತ್ತಿರೋ ಒಂದು ಸಂಗತಿ ನೆನಪಾಯ್ತು: ಮರದ ತೊಲೆಯ ಒಂದು ತುದಿಗೆ ಕಿವಿ ಇಟ್ಟರೆ ಇನ್ನೊಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀಚಿದ್ದೂ ಸ್ಪಷ್ಟವಾಗಿ ಕೇಳಿಸ್ತದೆ. ಪಕ್ಕದಲ್ಲಿದ್ದ ಕಾಗದದ ಕಂತೆ ತಗೊಂಡು ಬಿಗಿಯಾಗಿ ಸುರುಳಿ ಸುತ್ತಿದ. ಒಂದು ತುದಿ ಅವಳ ಎದೆಗೆ, ಇನ್ನೊಂದು ತುದಿ ತನ್ನ ಕಿವಿಗೆ. ನೇರವಾಗಿ ಕಿವಿ ಇಟ್ಟು ಕೇಳಿದ್ದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಖುಷಿಪಟ್ಟು ಸುಮ್ಮನಾಗ್ತಿದ್ದರೇನೋ. ಲೆನೆಕ್ ಪ್ರಯೋಗ ಶುರು ಮಾಡಿದ. ಬೇರೆ ಬೇರೆ ವಸ್ತುಗಳಲ್ಲಿ ಕೊಳವೆ ಮಾಡಿ ನೋಡಿದ, ಕೊನೆಗೆ ಹಗುರ ಮರ ಆರಿಸಿಕೊಂಡ. ತಾನೇ ಲೇತ್ ಮೇಲೆ ಕೂತು ಕಡೆದ. ನಮ್ಮ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಜಾಬ್ ಹಾಳಾದರೆ ಬೈಸಿಕೊಳ್ತೀವಲ್ಲ, ಈ ಡಾಕ್ಟರಿಗೆ ಅದೇ ಹವ್ಯಾಸ. ಸುಮಾರು ಒಂದಡಿ ಉದ್ದ, ನಡುವೆ ಸಣ್ಣ ರಂಧ್ರ, ಬಿಚ್ಚಿ ಎರಡು ತುಂಡು ಮಾಡಬಹುದಾದ ಜೋಡಣೆ, ತುದಿಗೆ ತೆಗೆದು ಹಾಕೋ ಬಿರಡೆ. ಬಿರಡೆ ಹಾಕಿದರೆ ಹೃದಯ ಕೇಳೋಕೆ, ತೆಗೆದರೆ ಉಸಿರಾಟ ಕೇಳೋಕೆ. ಎದೆ ಮತ್ತು ನೋಡು ಎಂಬ ಅರ್ಥದ ಎರಡು ಗ್ರೀಕ್ ಪದ ಸೇರಿಸಿ ಸ್ಟೆತಸ್ಕೋಪ್ ಅಂತ ಹೆಸರಿಟ್ಟ. ಈಗ ನಾವು ನೋಡೋ ಎರಡು ಕಿವಿಯ ರಬ್ಬರ್ ಕೊಳವೆ ಬಂದಿದ್ದು ಅವನು ಸತ್ತು ಎಷ್ಟೋ ವರ್ಷ ಆದಮೇಲೆ.

ನಿಜವಾದ ಕೆಲಸ

ಸ್ಟೆತಸ್ಕೋಪ್ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗೀತದೆ, ಕ್ವಿಜ್‌ನಲ್ಲೂ ಇಷ್ಟೇ ಕೇಳ್ತಾರೆ. ಆದರೆ ನನಗೆ ಅನ್ನಿಸಿದ್ದು, ಕೊಳವೆ ಮಾಡಿದ್ದು ಸಣ್ಣ ಕೆಲಸ. ದೊಡ್ಡದು ಮುಂದಿನ ಮೂರು ವರ್ಷದ್ದು.

ಯೋಚನೆ ಮಾಡಿ. ನಿಮ್ಮ ಕೈಗೆ ಹೊಸ ಸೆನ್ಸರ್ ಬಂದಿದೆ. ಸಿಗ್ನಲ್ ಬರ್ತಿದೆ, ಆದರೆ ಯಾವ ಸಿಗ್ನಲ್‌ಗೆ ಏನರ್ಥ ಅಂತ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬರ ಎದೆಯಲ್ಲಿ ಒಣ ಎಲೆ ತುಳಿದಂಥ ಸದ್ದು, ಇನ್ನೊಬ್ಬರಲ್ಲಿ ಸೀಟಿ, ಮತ್ತೊಬ್ಬರಲ್ಲಿ ಆಡು ಕೂಗಿದ ಹಂಗೆ. ಇದರಲ್ಲಿ ಯಾವುದು ನ್ಯುಮೋನಿಯಾ, ಯಾವುದು ಕ್ಷಯ, ಯಾವುದು ನೀರು ತುಂಬಿದ್ದು?

ಲೆನೆಕ್ ಮಾಡಿದ್ದು ಹೀಗೆ. ರೋಗಿ ಬದುಕಿದ್ದಾಗ ಕೇಳಿದ್ದನ್ನು ಬರೆದಿಟ್ಟ. ಎದೆಯ ಯಾವ ಜಾಗ, ಎಂಥ ಸದ್ದು, ಒಳಗೆ ಏನಾಗಿರಬಹುದು ಅಂತ ತನ್ನ ಅಂದಾಜನ್ನೂ ಹೇಳಿಟ್ಟ. ಆ ರೋಗಿ ಸತ್ತರೆ ಎದೆ ತೆರೆದು ನೋಡಿದ. ಅಂದಾಜು ಸರಿ ಇದ್ದರೆ ಸರಿ, ತಪ್ಪಿದ್ದರೆ ಅದನ್ನೂ ಬರೆದ. ನೆಕರ್‌ಗೆ ಬರ್ತಿದ್ದವರು ಬಡವರು, ತಮ್ಮ ದೇಹ ಏನಾಗಬೇಕು ಅಂತ ಹೇಳೋ ಅಧಿಕಾರ ಅವರಿಗೆ ಇರಲಿಲ್ಲ ಅನ್ನೋದನ್ನೂ ಮರೀಬಾರದು. ಇವತ್ತು ಡಾಕ್ಟರಿಗೆ ಗೊತ್ತಿರೋದರಲ್ಲಿ ಎಷ್ಟೋ ಆ ಹೆಸರಿಲ್ಲದ ಜನರಿಂದ ಬಂದದ್ದು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸ್ಟೆತಸ್ಕೋಪ್‌ನ ಔಟ್‌ಪುಟ್ ಅನ್ನು ಗ್ರೌಂಡ್ ಟ್ರುತ್ ಜೊತೆ ಹೋಲಿಸಿ ನೋಡಿದ. ರೋಗಪತ್ತೆಯ ನಿಖರತೆ ಅಂತ ಇವತ್ತು ಯಾವುದನ್ನು ಕರೀತಾರೋ ಅದರ ಬೇರು ಇಲ್ಲಿದೆ. ಒಂದು ಟೆಸ್ಟ್ ಒಳ್ಳೇದು ಅಂತ ಅನ್ನಿಸಿದರೆ ಸಾಲದು, ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸತ್ಯದ ಪಕ್ಕ ಇಟ್ಟು ಅಳೀಬೇಕು.

1819ರಲ್ಲಿ ಇದೆಲ್ಲ ಎರಡು ಸಂಪುಟದ ಪುಸ್ತಕವಾಗಿ ಬಂತು. ಪುಸ್ತಕದ ಜೊತೆ ಇನ್ನೊಂದಿಷ್ಟು ಫ್ರಾಂಕ್ ಕೊಟ್ಟರೆ ಸ್ಟೆತಸ್ಕೋಪ್ ಕೂಡ ಸಿಗ್ತಿತ್ತು. ಅದರಲ್ಲಿ ಎಂಫಿಸೀಮಾ ಬಗ್ಗೆ ಬರೆದದ್ದು ನನ್ನ ಆಯಿಗೆ ಸಂಬಂಧಪಟ್ಟದ್ದು. ಮಾಮೂಲಿ ಶ್ವಾಸಕೋಶವಾದರೆ ಎದೆ ತೆರೆದ ತಕ್ಷಣ ಗಾಳಿ ಬಿಟ್ಟ ಬಲೂನಿನ ಹಂಗೆ ಕುಗ್ಗಬೇಕು. ಕೆಲವರದ್ದು ಕುಗ್ತಿರಲಿಲ್ಲ. ಗಾಳಿ ಒಳಗೇ ಸಿಕ್ಕಿಹಾಕಿಕೊಂಡಿರ್ತಿತ್ತು, ಶ್ವಾಸನಾಳದಲ್ಲಿ ಕಫ ತುಂಬಿರ್ತಿತ್ತು. ಲೆನೆಕ್ ಇಂಥ ಶ್ವಾಸಕೋಶಗಳಿಗೆ ಗಾಳಿ ಊದಿ, ಹಂಗೇ ಒಣಗಿಸಿ, ಆಮೇಲೆ ಕತ್ತರಿಸಿ ನೋಡಿದ. ಗಾಳಿಚೀಲಗಳ ನಡುವಿನ ಗೋಡೆ ಒಡೆದು ದೊಡ್ಡ ದೊಡ್ಡ ಗುಳ್ಳೆಗಳಾಗಿದ್ದವು. ಇವತ್ತು ಸಿಒಪಿಡಿ ಅನ್ನೋ ಹೆಸರಿನ ಅಡಿ ಬರೋ ಎರಡು ಮುಖ್ಯ ತೊಂದರೆಗಳು ಇವೇ: ಒಡೆದ ಗಾಳಿಚೀಲ, ಕಫ ತುಂಬಿದ ಕಿರಿದಾದ ನಾಳ.

ತಪ್ಪುಗಳೂ ಇದ್ದವು. ಹೃದಯದ ಎರಡನೇ ಸದ್ದು ಮೇಲಿನ ಕೋಣೆಗಳು ಕುಗ್ಗೋದರಿಂದ ಬರ್ತದೆ ಅಂತ ಬರೆದಿದ್ದ, ನಿಜವಾಗಿ ಅದು ಕವಾಟ ಮುಚ್ಚೋ ಸದ್ದು. ವಿರೋಧವೂ ಜೋರಾಗಿತ್ತು. ಹೆಚ್ಚುಕಮ್ಮಿ ಎಲ್ಲ ಕಾಯಿಲೆಗೂ ಉರಿಯೂತವೇ ಕಾರಣ, ಜಿಗಣೆ ಹಚ್ಚಿ ರಕ್ತ ತೆಗೆಯೋದೇ ಮದ್ದು ಅಂತ ನಂಬಿದ್ದ ಬ್ರೂಸೆ ಎಂಬ ಪ್ರಸಿದ್ಧ ಡಾಕ್ಟರ್ ಅವನನ್ನು ಬಹಿರಂಗವಾಗಿ ಟೀಕಿಸ್ತಿದ್ದ. 1821ರಲ್ಲಿ ಪುಸ್ತಕವನ್ನು ಇಂಗ್ಲಿಷ್‌ಗೆ ತಂದ ಜಾನ್ ಫೋರ್ಬ್ಸ್‌ಗೇ ಈ ಕೊಳವೆಯನ್ನು ಎಲ್ಲ ಡಾಕ್ಟರು ಬಳಸ್ತಾರೆ ಅಂತ ನಂಬಿಕೆ ಇರಲಿಲ್ಲ.

ತನ್ನ ಎದೆಯ ಸದ್ದು

ಪುಸ್ತಕ ಮುಗಿಸೋ ಹೊತ್ತಿಗೆ ಲೆನೆಕ್ ಸೋತುಹೋಗಿದ್ದ. ಮೊದಲೇ ಕೃಶ ದೇಹ, ಅದಕ್ಕೆ ಉಬ್ಬಸ, ತಲೆನೋವು. 1819ರ ಕೊನೆಗೆ ಪ್ಯಾರಿಸ್ ಬಿಟ್ಟು ಬ್ರಿಟನಿಯ ಕೆರ್ಲುಆನೆಕ್ ಎಂಬಲ್ಲಿದ್ದ ತನ್ನ ಹಳ್ಳಿಮನೆಗೆ ಹೋದ. ಹೊಲ ನೋಡಿಕೊಂಡು, ಸಮುದ್ರದ ಗಾಳಿಯಲ್ಲಿ ಓಡಾಡಿಕೊಂಡು ಸುಧಾರಿಸಿದ. 1821ರಲ್ಲಿ ಮತ್ತೆ ಪ್ಯಾರಿಸ್‌ಗೆ ಬಂದ. ಪ್ರೊಫೆಸರ್ ಹುದ್ದೆ ಸಿಕ್ಕಿತು, ಪರದೇಶಗಳಿಂದ ವಿದ್ಯಾರ್ಥಿಗಳು ಅವನ ಹಿಂದೆ ವಾರ್ಡಿನಲ್ಲಿ ಓಡಾಡೋಕೆ ಬಂದರು. 1824ರಲ್ಲಿ ಮದುವೆಯಾದ. ಪುಸ್ತಕವನ್ನು ಮತ್ತೆ ತಿದ್ದಿ 1826ರಲ್ಲಿ ಎರಡನೇ ಆವೃತ್ತಿ ತಂದ.

ಅದೇ ವರ್ಷ ಜ್ವರ, ಕೆಮ್ಮು, ತೂಕ ಇಳಿಯೋದು ಶುರುವಾಯ್ತು. ಸಾವಿರಾರು ಎದೆ ಕೇಳಿದವನಿಗೆ ತನ್ನ ಎದೆ ತಾನೇ ಕೇಳಿಕೊಳ್ಳೋಕೆ ಆಗ್ತದಾ? ತಮ್ಮನಂತೆ ಬೆಳೆಸಿದ, ಕಾಕಾನ ಕುಟುಂಬದ ಹುಡುಗ ಮೆರಿಯಾಡೆಕ್ ಕೂಡ ಡಾಕ್ಟರ್ ಆಗಿದ್ದ. ಅವನು ಅದೇ ಮರದ ಕೊಳವೆಯನ್ನು ಲೆನೆಕ್‌ನ ಎದೆ ಮೇಲೆ ಇಟ್ಟು ಕೇಳಿ, ಕೇಳಿಸಿದ್ದನ್ನು ಹೇಳಿದ. ಆ ಸದ್ದಿಗೆ ಏನರ್ಥ ಅಂತ ಲೆನೆಕ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕ್ಷಯ. ಬೇಸಿಗೆಯಲ್ಲಿ ಮತ್ತೆ ಕೆರ್ಲುಆನೆಕ್‌ಗೆ ಹೋದ. 1826ರ ಆಗಸ್ಟ್ 13ರಂದು, 45ನೇ ವಯಸ್ಸಿನಲ್ಲಿ, ಅಲ್ಲೇ ತೀರಿಹೋದ. ಉಯಿಲಿನಲ್ಲಿ ತನ್ನ ಸ್ಟೆತಸ್ಕೋಪನ್ನು ಮೆರಿಯಾಡೆಕ್‌ಗೆ ಬಿಟ್ಟಿದ್ದ, ತಾನು ಕೊಡೋದರಲ್ಲಿ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಂತ ಭಾವಿಸಿ.

ಕ್ಷಯವನ್ನು ಅಷ್ಟು ನಿಖರವಾಗಿ ಪತ್ತೆ ಮಾಡೋದು ಕಲಿಸಿದವನಿಗೆ ಅದನ್ನು ವಾಸಿ ಮಾಡೋ ಔಷಧ ಇರಲಿಲ್ಲ. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದು 1882ರಲ್ಲಿ. ಔಷಧ ಬಂದಿದ್ದು 1940ರ ದಶಕದಲ್ಲಿ.

ಹಂಗಾದರೆ ಆಯಿಯ ಎದೆ ಯಾಕೆ ಕೇಳಿಸಲಿಲ್ಲ?

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಲೆನೆಕ್ ತನ್ನ ಅಂದಾಜನ್ನು ಪರೀಕ್ಷಿಸಿದ್ದು ಯಾರ ಮೇಲೆ? ಆಸ್ಪತ್ರೆಗೆ ಬಂದು ಸತ್ತವರ ಮೇಲೆ. ಬದುಕಿ ಮನೆಗೆ ಹೋದವರ ಎದೆ ತೆರೆದು ನೋಡೋಕೆ ಆಗಲ್ಲವಲ್ಲ. ಅಂದ್ರೆ ಸದ್ದುಗಳ ಆ ಪಟ್ಟಿ ತಯಾರಾಗಿದ್ದು ಕಾಯಿಲೆ ಪೂರ್ತಿ ಬಲಿತವರಿಂದ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೋರು ಬೇರೆ ಥರದವರು. ನಡೆದುಕೊಂಡೇ ಬರ್ತಾರೆ, ಸ್ವಲ್ಪ ಕೆಮ್ಮು, ಸ್ವಲ್ಪ ದಮ್ಮು. ಸಿಒಪಿಡಿ ಶುರುವಿನಲ್ಲಿದ್ದಾಗ ಸ್ಟೆತಸ್ಕೋಪ್‌ಗೆ ಎದೆ ಮಾಮೂಲಿಯಾಗೇ ಕೇಳಿಸಬಹುದು. ಉಪಕರಣದ ತಪ್ಪಲ್ಲ. ಅದಕ್ಕೆ ಕೇಳಿಸದ ಕಾಯಿಲೆಯನ್ನು ಅದರಿಂದಲೇ ಇಲ್ಲ ಅಂತ ತೀರ್ಮಾನ ಮಾಡಿದ್ದು ತಪ್ಪು.

ಅದಕ್ಕೆ ಬೇಕಾದ ಅಳತೆ ಬೇರೆ. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ನೀರಿನಲ್ಲಿ ಬೋರಲು ಹಾಕಿದ ಡಬ್ಬಿಯೊಳಗೆ ಜನರಿಂದ ಊದಿಸಿ, ಎಷ್ಟು ಗಾಳಿ ಹೊರಬರ್ತದೆ ಅಂತ ಅಳೆದ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅಳೆದ. ಅದು ಸ್ಪೈರೋಮೀಟರ್. 1947ರಲ್ಲಿ ಲೆನೆಕ್‌ನದೇ ಪ್ಯಾರಿಸ್‌ನಲ್ಲಿ ತಿಫನೋ ಮತ್ತು ಪಿನೆಲ್ಲಿ ಎಷ್ಟು ಗಾಳಿ ಅನ್ನೋದರ ಜೊತೆಗೆ ಎಷ್ಟು ಬೇಗ ಅನ್ನೋದನ್ನೂ ಸೇರಿಸಿದರು: ಮೊದಲ 1 ಸೆಕೆಂಡಿನಲ್ಲಿ ಎಷ್ಟು ಹೊರಬಂತು? ಇವತ್ತು ಡಾಕ್ಟರು ನೋಡೋದು ಇದೇ ಅನುಪಾತ. ನಾಳ ಹಿಗ್ಗಿಸೋ ಔಷಧ ಕೊಟ್ಟ ಮೇಲೂ ಮೊದಲ ಸೆಕೆಂಡಿನ ಗಾಳಿ, ಒಟ್ಟು ಊದಿದ ಗಾಳಿಯ 0.7 ಭಾಗಕ್ಕಿಂತ ಕಡಿಮೆ ಇದ್ದು, ಲಕ್ಷಣ ಮತ್ತು ಹೊಗೆಯ ಇತಿಹಾಸ ಎರಡೂ ಹೊಂದಿದರೆ ಸಿಒಪಿಡಿ. ಅಸ್ತಮಾದಲ್ಲಿ ಔಷಧ ಕೊಟ್ಟ ಮೇಲೆ ನಾಳ ಸಾಮಾನ್ಯವಾಗಿ ಚೆನ್ನಾಗಿ ತೆರೆದುಕೊಳ್ತದೆ.

ಹಂಗಾದರೆ ಕೆಮ್ಮಿದವರಿಗೆಲ್ಲ ಒಂದು ಚಿಕ್ಕ ಗ್ಯಾಜೆಟ್ ಕೊಟ್ಟು ಊದಿಸಿದರೆ ಮುಗೀತಲ್ಲ ಅಂತೀರಾ? ಲೆಕ್ಕ ಮಾಡೋಣ. ಒಂದು ಟೆಸ್ಟ್ ಕಾಯಿಲೆ ಇದ್ದವರಲ್ಲಿ ಶೇ. 80 ಜನರನ್ನು ಹಿಡೀತದೆ, ಇಲ್ಲದವರಲ್ಲಿ ಶೇ. 80 ಜನರನ್ನು ಸರಿಯಾಗಿ ಬಿಡ್ತದೆ ಅಂದ್ಕೊಳ್ಳಿ. ಆಸ್ಪತ್ರೆಯ ಚೆಸ್ಟ್ ವಾರ್ಡಿನಲ್ಲಿ 100ಕ್ಕೆ 50 ಜನಕ್ಕೆ ಕಾಯಿಲೆ ಇದ್ದರೆ 40 ಸರಿ, 10 ತಪ್ಪು ಪಾಸಿಟಿವ್. ಪರವಾಗಿಲ್ಲ. ಅದೇ ಟೆಸ್ಟನ್ನು ಹಳ್ಳಿಗೆ ತಗೊಂಡು ಹೋಗಿ, ಅಲ್ಲಿ 100ಕ್ಕೆ 10 ಜನಕ್ಕೆ ಮಾತ್ರ ಕಾಯಿಲೆ ಇದೆ ಅನ್ನಿ. 8 ಜನ ಸರಿಯಾಗಿ ಸಿಕ್ತಾರೆ, ಆದರೆ ಕಾಯಿಲೆ ಇಲ್ಲದ 90 ಜನರಲ್ಲಿ 18 ಮಂದಿಗೂ ಇದೆ ಅಂತ ಬರ್ತದೆ. ಪಾಸಿಟಿವ್ ಬಂದ 26ರಲ್ಲಿ ನಿಜವಾದವರು 8. ಜೊತೆಗೆ 2 ಜನ ತಪ್ಪಿಸಿಕೊಂಡು ಹೋದರು. ಟೆಸ್ಟ್ ಅದೇ, ಜಾಗ ಬದಲಾಯ್ತು, ಅದರ ಬೆಲೆ ಬದಲಾಯ್ತು. ಅದಕ್ಕೇ ಮೊದಲು ಸರಿಯಾದ ಪ್ರಶ್ನೆ ಕೇಳಿ ಜನರನ್ನು ಆರಿಸಬೇಕು, ಆಮೇಲೆ ಸರಳ ಟೆಸ್ಟ್, ಅದರಲ್ಲಿ ಅನುಮಾನ ಬಂದವರಿಗೆ ಸರಿಯಾದ ಸ್ಪೈರೋಮೆಟ್ರಿ. ಮಷೀನ್ ಲರ್ನಿಂಗ್ ಪ್ರಾಜೆಕ್ಟಿನಲ್ಲಿ ಅಕ್ಯುರಸಿ ಇಷ್ಟು ಬಂತು ಅಂತ ಸ್ಲೈಡ್ ಹಾಕೋ ನಾವು ಇದನ್ನು ಎರಡು ಸಲ ಓದಬೇಕು.

ಇದು ನಮ್ಮ ರಾಜ್ಯಕ್ಕೆ ಹೊಸ ವಿಷಯವೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆ ಬಗ್ಗೆ ಕಾಳಜಿ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಅರ್ಧಕ್ಕಿಂತ ಹೆಚ್ಚು ಜನ ತಾವಾಗೇ ಚಿಕಿತ್ಸೆಗೆ ಹೋಗಿ ಬಂದಿದ್ದರು. ಎಷ್ಟೋ ಜನಕ್ಕೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟ್ಲಿ. ಅದಾದ ಮೇಲೆ ಕ್ಷಯಕ್ಕೆ ದಾರಿ ಆಯ್ತು: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಅಂತ ಇವತ್ತು ಗೋಡೆ ಮೇಲೂ ಬರೆದಿರ್ತಾರೆ. ಸಿಒಪಿಡಿಗೆ ಅಂಥ ಗೋಡೆಬರಹ ನಾನು ನಮ್ಮೂರಲ್ಲಿ ನೋಡಿಲ್ಲ. 2016ರ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ ಸಿಒಪಿಡಿ ಇದ್ದವರು ಸುಮಾರು 5.5 ಕೋಟಿ. ಟಿಬಿ ಇಲ್ಲ ಅಂತ ಬಂದ ಮೇಲೂ ಕೆಮ್ಮು ನಿಲ್ಲದವರು ಮುಂದೆ ಎಲ್ಲಿಗೆ ಹೋಗಬೇಕು? ನನ್ನ ಆಯಿಯ ಕಫ ಎರಡು ಸಲ ನೆಗೆಟಿವ್ ಬಂತು, ಅಲ್ಲಿಗೆ ಹುಡುಕಾಟ ನಿಂತುಹೋಯ್ತು.

ಆಯಿ ಈಗ ದಿನಾ ಇನ್‌ಹೇಲರ್ ತಗೋತಾಳೆ. ಮೊದಲು ಬೇಡ ಅಂದಿದ್ದಳು, ಚಟ ಆಗ್ತದೆ ಅಂತ ಯಾರೋ ಹೇಳಿದ್ದರಂತೆ. ರೊಟ್ಟಿಯೂ ಈಗ ಗ್ಯಾಸ್ ಮೇಲೆ, ರುಚಿ ಇಲ್ಲ ಅಂತ ದಿನಾ ಬೈತಾಳೆ. ಹೋದ ಶ್ವಾಸಕೋಶ ವಾಪಸ್ ಬರಲ್ಲ, ಇರೋದನ್ನು ಉಳಿಸಿಕೊಳ್ಳಬೇಕು ಅಷ್ಟೇ ಅಂತ ಡಾಕ್ಟರ್ ಹೇಳಿದ್ದಾರೆ. ಹತ್ತು ವರ್ಷ ಮೊದಲೇ ಯಾರಾದರೂ ಒಲೆ ಬಗ್ಗೆ ಕೇಳಿದ್ದರೆ ಉಳಿಯೋದು ಇನ್ನೂ ಜಾಸ್ತಿ ಇರ್ತಿತ್ತು.

ನನಗೆ ಲೆನೆಕ್ ಮೇಲೆ ಸಿಟ್ಟಿಲ್ಲ. ತನ್ನ ಅಂದಾಜು ತಪ್ಪಾಗಿದ್ದರೆ ಅದನ್ನೂ ಬರೆದಿಟ್ಟ ಮನುಷ್ಯ ಅವನು. ಕಾಗದದ ಸುರುಳಿ ಯಾರು ಬೇಕಾದರೂ ಸುತ್ತಬಹುದು. ಕೇಳಿಸಿದ್ದು ನಿಜವಾ ಅಂತ ಮೂರು ವರ್ಷ ನೋಡ್ತಾ ಕೂರೋದು ಕಷ್ಟ. ನಮ್ಮಲ್ಲಿ ಯಾರಾದರೂ ನಾಳೆ ಫೈನಲ್ ಇಯರ್ ಪ್ರಾಜೆಕ್ಟಿಗೆ ಕೆಮ್ಮು ಕೇಳಿ ಕಾಯಿಲೆ ಹೇಳೋ ಆ್ಯಪ್ ಮಾಡಿದರೆ, ದಯವಿಟ್ಟು ಲ್ಯಾಬಿನಲ್ಲೇ ನಿಲ್ಲಿಸಬೇಡಿ. ಖಾನಾಪುರದ ಕಡೆ ಒಂದು ಮಳೆಗಾಲದ ಬೆಳಿಗ್ಗೆ ಬನ್ನಿ. ಮೊದಲು ಒಲೆ ನೋಡಿ, ಆಮೇಲೆ ಕೆಮ್ಮು ಕೇಳಿ. ಆಯಿ ಚಹಾ ಮಾಡಿ ಕೊಡ್ತಾಳೆ, ಗ್ಯಾಸ್ ಮೇಲೆ.